ಸೋಮವಾರದ ಲಕೋಟೆ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ಟೈಲರಮ್ಮ ಅಳತೆಯ ಚೀಟಿ ಹಿಡಿದು ನಿಂತಿದ್ದಳು. ಅವಳ ಮುಂದೆ ಅಕ್ಕತಂಗಿಯರಿಬ್ಬರು. ತಂಗಿಗೆ ಹತ್ತನೇ ತರಗತಿ ಇರಬೇಕು. ಕೈಯಲ್ಲಿ ಆಗಷ್ಟೇ ಒಡೆದ ಲಕೋಟೆ, ಅದರಿಂದ ತೆಗೆದ ಇಂಗ್ಲಿಷ್ ಸಾಹಿತ್ಯದ ಅಭ್ಯಾಸ ಪತ್ರಿಕೆ. ಬೇರೆಯವರ ಮಾತು ಕೇಳಬಾರದೆಂದು ಟೈಲರಮ್ಮನಿಗೆ ಗೊತ್ತು, ಆದರೆ ಕಿವಿ ಸುಮ್ಮನಿರಬೇಕಲ್ಲ.

"ದೊಡ್ಡಮ್ಮ ಇಂಥ ಪತ್ರಿಕೆ ಒಟ್ಟು ಎಷ್ಟು ಬರೆದಿಟ್ಟು ಹೋದ್ರು?" ಅಕ್ಕ ಕೇಳಿದಳು.

"ಹತ್ತು. ಸೋಮವಾರಕ್ಕೆ ಒಂದೇ ಒಡೀಬೇಕು ಅಂತ ಆಸ್ಪತ್ರೇಲಿ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು."

"ಸತ್ತ ಮೇಲೂ ಪಾಠ ಹೇಳೋದು ಬಿಡಲಿಲ್ಲ ನೋಡು."

"ನಗಬೇಡ ಅಕ್ಕಾ. ಪಾಠದಲ್ಲಿ ಇಲ್ಲದ ಗದ್ಯ ಅಂತ ಒಂದು ಕೊಡ್ತಾರಲ್ಲ, ಅದನ್ನ ದೊಡ್ಡಮ್ಮ ತಾವೇ ಕಟ್ಟಿ ಬರೆದಿದ್ದಾರೆ. ಹೋದ ವಾರದ್ದರಲ್ಲಿ ಒಬ್ಬಳ ಅಪ್ಪ ಮೆಟ್ಟಿಲ ಮೇಲೆ ಜಾರಿ ಬೀಳ್ತಾನೆ."

ಅಕ್ಕ ತಂಗಿಯ ಕಡೆಗೆ ತಿರುಗಿದಳು.

"ನಮ್ಮಪ್ಪ ಮೆಟ್ಟಿಲ ಮೇಲೆ ಬಿದ್ದಿದ್ದು ಗುರುವಾರ ಅಲ್ವಾ?"

"ಹೂಂ. ನಾನು ಸೋಮವಾರಾನೇ ಉತ್ತರ ಬರೆದು ಮುಗಿಸಿದ್ದೆ."

"ಈ ವಾರದ್ದೇನು? ಕನ್ನಡದಲ್ಲಿ ಹೇಳು."

"ಜೆರಾಕ್ಸ್ ಅಂಗಡಿ. ಸಾಲಲ್ಲಿ ಒಬ್ಬ ಹೆಂಗಸು, ರವಿಕೆ ತೋಳಿಗೆ ಸೂಜಿ ಚುಚ್ಕೊಂಡು, ಮುಂದಿರೋರ ಮಾತಿಗೆ ಕಿವಿ ಕೊಟ್ಟು ನಿಂತಿದ್ದಾಳೆ."

"ಪ್ರಶ್ನೆ?"

"ಬೀಗ ಹಾಕೋ ಆತುರದಲ್ಲಿ ಅವಳು ತನ್ನ ಅಂಗಡೀಲಿ ಏನು ಮರೆತು ಬಂದಳು? ಎರಡು ಅಂಕ."

"ಏನಂತೆ?"

"ಗದ್ಯದಲ್ಲಿ ಇಲ್ಲ. ಉತ್ತರ ಮುಂದಿನ ಲಕೋಟೇಲಿರುತ್ತೆ."

ಪ್ರತಿಗಳನ್ನು ತೆಗೆದುಕೊಂಡು ಇಬ್ಬರೂ ಬಿರಬಿರನೆ ರಸ್ತೆಗಿಳಿದರು. ಹಿಂದೆ ತಿರುಗಿ ನೋಡುವ ಧೈರ್ಯ ಅವರಿಬ್ಬರಿಗೂ ಬರಲಿಲ್ಲ. ಟೈಲರಮ್ಮ ತೋಳಿನ ಸೂಜಿಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ, ಸ್ವಿಚ್ ಆರಿಸದೆ, ಬಟ್ಟೆಯ ಮೇಲೇ ಬಿಟ್ಟು ಬಂದ ಇಸ್ತ್ರಿಪೆಟ್ಟಿಗೆ ನೆನಪಾಯಿತು.