ಗೋಲವನ್ನು ವೃತ್ತಕ್ಕಿಳಿಸುವ ವಿದ್ಯೆ

ಸಿಂದಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಅನಂತಾಚಾರ್ಯರು ತುಳಸೀಮಾಲೆ ಹಿಡಿದು ಜಪಕ್ಕೆ ಕುಳಿತಿದ್ದರು. ಮಾಲೆ ಮುಗಿಯುವವರೆಗೆ ಮಾತನಾಡದಿರುವುದು ಅವರ ನೇಮ. ಪಕ್ಕದಲ್ಲಿ ಯುವತಿಯೊಬ್ಬಳು ತನ್ನ ಖಾಲಾಗೆ, ಅಂದರೆ ಚಿಕ್ಕಮ್ಮನಿಗೆ, ಲ್ಯಾಪ್‌ಟಾಪ್ ತೋರಿಸುತ್ತಿದ್ದಳು.

“ಬರೇ ಚುಕ್ಕಿ ಅದಾವಲ್ಲ ಯಾಸ್ಮಿನ, ರಂಗೋಲಿ ಹಾಕೂದು ಯಾವಾಗ ಕಲ್ತಿ?”

“ಹರಳಿನ ನಕಾಶೆ ಖಾಲಾ. ಅದರ ಮುಖಗಳ ದಿಕ್ಕೆಲ್ಲ ಮೊದಲ ಒಂದು ಗೋಲದ ಮ್ಯಾಲ ಗುರ್ತು ಮಾಡೂದು, ಆಮ್ಯಾಲ ಗೋಲದ ತುದಿಯಿಂದ ನೋಡಿದಂಗ ಸಪಾಟ ವೃತ್ತಕ್ಕ ಇಳಸೂದು. ಈ ಸಾಫ್ಟ್‌ವೇರ್ ನಾನ ಬರ್ದೇನಿ.”

“ಯಾರು ಬಳಸ್ತಾರ?”

“ಯಾರೂ ಇಲ್ಲ. ತಿಳಿಯೋರು ಒಬ್ಬರಿದ್ರ ಇಡ್ತಿದ್ದೆ. ಇವತ್ತ ಅಳಿಸಿಬಿಡ್ತೇನಿ.”

“ಆರು ವರ್ಷ ಕೂಸಿನಂಗ ಸಾಕಿದಿಯಲ್ಲ ಬೇಟಿ!”

ಆಚಾರ್ಯರ ಬೆರಳು ತಡವರಿಸಿತು. ನಕ್ಷತ್ರ ಅಳೆಯುವ ಹಿತ್ತಾಳೆಯ ಯಂತ್ರಕ್ಕೆ ಆಕಾಶಗೋಲವನ್ನು ಇಳಿಸುವ ಪ್ರಾಚೀನ ವಿಧಿಯೂ ಇದೇ. ಅದನ್ನು ಕಲಿಯಲು ನಲವತ್ತು ವರ್ಷಗಳಲ್ಲಿ ಅವರ ಬಳಿಗೆ ಒಬ್ಬ ಶಿಷ್ಯನೂ ಬಂದಿರಲಿಲ್ಲ. ಇನ್ನು ಉಳಿದದ್ದು ಒಂಬತ್ತೇ ಮಣಿ; ಅವರು ಅವಸರದಿಂದ ನಾಮ ಜಪಿಸತೊಡಗಿದರು.

“ಇಂಡಿ ಬಸ್ ಬಂತು, ಏಳ ಬೇಟಿ, ಲಗೂನ!”

ಕೊನೆಯ ಮಣಿ ದಾಟುವಷ್ಟರಲ್ಲಿ ಅವರಿಬ್ಬರನ್ನು ಹೊತ್ತ ಬಸ್ಸು ನಿಲ್ದಾಣದ ಕಮಾನು ದಾಟಿತ್ತು.

“ತಂಗಿ, ಅಳಸಬ್ಯಾಡವಾ. ನನಗ ತಿಳೀತದ,” ಎಂದು ಆಚಾರ್ಯರು ಬೆಂಚಿನ ಬರಿದಾದ ಬದಿಗೆ ಹೇಳಿದರು.