ಅತ್ತೆಯವರ ಇಟಲಿ

ಕೊಲ್ಲಿ ದೇಶದ ಗುದೈಬಿಯಾದ ಕ್ಲಿನಿಕ್ಕಿನಲ್ಲಿ ಸುಟ್ಟ ಬೆರಳು ಹಿಡಿದು ಕೂತಿದ್ದ ಎಸಿ ಮೆಕ್ಯಾನಿಕ್ ವಾಸುವಿಗೆ ಹಿಂದಿನ ಸಾಲಿನಿಂದ ಊರಿನ ಕನ್ನಡ ಕೇಳಿದ್ದೇ ಉರಿ ಅರ್ಧ ಮರೆತುಹೋಯಿತು. ಗ್ಲೆನಿಟಾ ಎಂಬಾಕೆ ಗೆಳತಿ ವಿನಿತಾಳಿಗೆ ಇಟಲಿ ಪ್ರವಾಸದ ಕಥೆ ಹೇಳುತ್ತಿದ್ದಳು.

"ಕುಡಿತ ಬಿಟ್ಟ ಗಂಡನನ್ನು ವೈನ್ ಮಾಡುವ ತೋಟಕ್ಕೆ ಕರ್ಕೊಂಡು ಹೋದದ್ದಾ ಮಾರಾಯ್ತಿ?" ಎಂದಳು ವಿನಿತಾ.

"ಬುಕ್ ಮಾಡುವಾಗ ಕುಡೀತಿದ್ರು. ಆಮೇಲೆ ಬಿಟ್ರು. ಕಾವಲಿಗೆ ಅತ್ತೆ ಬಂದ್ರು."

"ಮತ್ತೆ?"

"ಅಲ್ಲಿ ವೈನ್ ರುಚಿ ನೋಡಿ ಬಕೆಟಿಗೆ ಉಗುಳುದು. ಅತ್ತೆಗೆ ಸಿಟ್ಟು ಬಂತು. ಇಗರ್ಜಿಯಲ್ಲಿ ಪಾದ್ರಿಗಳು ಎತ್ತಿ ಹಿಡಿಯುವ ವೈನನ್ನು ಉಗುಳುದಾ ಅಂತ."

"ಹಾಗಾದ್ರೆ ಏನು ಮಾಡಿದ್ರು?"

"ನುಂಗಿದ್ರು. ಮಗನ ಎದುರು ಗ್ಲಾಸ್ ಇರ್ಬಾರ್ದು ಅಂತ ಅದನ್ನೂ ಅವರೇ ಕುಡಿದ್ರು."

"ಒಂದು ದಿವಸವಾ?"

"ವಾರ ಇಡೀ. ಹೋದ ತೋಟದಲ್ಲೆಲ್ಲ."

"ದೇವರೇ. ಈಗ?"

"ಈಗ ಸಂಜೆ ಜಪಸರ ಮುಗಿದದ್ದೇ ಒಂದು ಗ್ಲಾಸ್ ಬೇಕು."

"ಯಾರು ಹೊಯ್ದು ಕೊಡುದು?"

"ಮಗನೇ, ನಮ್ಮ ಅಗಸ್ಟಿನ್. ಒಂದು ತೊಟ್ಟು ಹೊರಗೆ ಬೀಳುದಿಲ್ಲ. ಕುಡಿತ ಬಿಟ್ಟ ಮೇಲೆ ಕೈ ನಡುಗುದು ನಿಂತಿದೆ ಅಲ್ವಾ."

ನರ್ಸ್ "ಮ್ಯಾಗ್ಡಲಿನ್" ಎಂದು ಕೂಗಿದಳು. ಇಬ್ಬರೂ ಎದ್ದರು. ಅವರಿಗಿಂತ ಮೊದಲೇ, ಬಾಗಿಲ ಪಕ್ಕದ ಕುರ್ಚಿಯಿಂದ ಒಬ್ಬರು ಅಜ್ಜಿ ಎದ್ದು ನಿಂತಿದ್ದರು.

"ಬೇಗ ಮುಗಿಸಿ ಹೋಗುವ," ಎಂದರು ಅಜ್ಜಿ. "ಜಪಸರಕ್ಕೆ ಹೊತ್ತಾಯ್ತು."