ಗ್ವಾಡಿ ಮ್ಯಾಲಿನ ಗೇಣಗಲದ ಚಿತ್ರಾ

ಯಾರರೆ ನಕ್ಕರ ನಾ ಎದ್ದ ಹೋಗ್ತೇನಿ, ಈಗಽ ಹೇಳಿರ್ತೇನಿ. ಇದು ಅವರಿವರ ಬಾಯಾಗಿಂದಲ್ಲ. ನಮ್ಮ ಬಾಜೂ ಮನಿ ಅನುರಾಧಾಂದು. ಅಕಿ ಮನಿಗೂ ನಮ್ಮನಿಗೂ ನಡುವ ಒಂದಽ ಗ್ವಾಡಿ. ಅಕಿ ಸೀನಿದ್ರ ಇತ್ಲಾಗ ನಾ 'ನೂರ ವರ್ಷ ಬಾಳವಾ' ಅಂತೇನಿ, ಅಷ್ಟ ಹತ್ರ.

ಹೋದ ವರ್ಷ ಅಕಿ ಬದಾಮಿಗೆ, ತವರಮನಿಗೆ ಹೋಗಿದ್ಲು. ಬರೂಮುಂದ ಬಸ್ಸು ಹುನಗುಂದದ ಹಂತ್ಯಾಕ ಕೆಟ್ಟ ನಿಂತು, ಇಳಕಲ್ಲಿಗೆ ಬಂದ ಇಳಿಯೂದ್ರಾಗ ರಾತ್ರಿ ಹನ್ನೊಂದ ದಾಟಿತ್ತು. ನಮ್ಮ ಓಣಿಗೆ ಬರಬೇಕಂದ್ರ ಆಲದ ಗಿಡದ ಬಾವಿ ದಾಟಬೇಕು. ಆ ಬಾವಿ ಬಾಯಿಗೆ ಕಬ್ಬಣದ ಜಾಳಗಿ ಹಾಕ್ಯಾರ. ನೀರ ಸೇದೂ ಗಡಗಡಿ ಕಿತ್ತ ಒಗದು ಆವಾಗ ಆರ ವರ್ಷ ಆಗಿತ್ತು.

ಅಕಿ ಬಗಲಾಗ ಒಂದ ಚೀಲ. ಚೀಲದಾಗ ಒಂದ ಚಿತ್ರಾ… ಗೇಣಗಲ, ಗಾಜ ಹಾಕಿ ಕಟ್ಟಿದ್ದು. ಬದಾಮಿ ಕೆರಿ ಪಾವಟಿಗಿ ಮ್ಯಾಲ ಸಪ್ನಾ ಅನ್ನೂ ಹುಡುಗಿ ತಾ ತಗದ ಸಣ್ಣ ಸಣ್ಣ ಚಿತ್ರಾ ಹರವಿಕೊಂಡ ಕುಂತಿದ್ಲಂತ. "ಇದು ಛಾಪಿಸಿದ್ದ ಅಲ್ರಿ ಅಕ್ಕಾರ, ಕೈಲೆ ತಗದದ್ದು. ಇಂಥಾದ್ದ ಇನ್ನೊಂದ ಎಲ್ಲೂ ಸಿಗೂದಿಲ್ಲ," ಅಂದ್ಲಂತ. ನೇಕಾರ ಮನಿ ಹೆಣ್ಣಮಗಳಿಗೆ ಇದನ್ನ ಬಿಡಿಸಿ ಹೇಳಬೇಕೇನ್ರಿ? ಕೈಮಗ್ಗದ ಸೀರಿ ಯಾವುದು, ಪಾವರ್‌ಲೂಮಿಂದ ಯಾವುದು, ಕತ್ತಲಾಗ ಮುಟ್ಟಿ ಹೇಳ್ತಾಳ ಅಕಿ. ರೊಕ್ಕನೂ ಭಾಳಲ್ಲ, ಒಂದ ವಾರ ನೂಲ ಸುತ್ತಿದ ಕೂಲಿ. ತನ್ನ ಕೂಲಿ. ತನಗಂತ, ಬರೇ ನೋಡಾಕಂತ, ಹುಟ್ಟಿದಾಗಿಂದ ಅಕಿ ಕೊಂಡ ಮೊದಲನೇ ಸಾಮಾನ ಅದು.

ಚಿತ್ರದಾಗ ಏನಿತ್ತು? ಒಂದ ಬಾವಿ. ಕಟ್ಟಿ ಮ್ಯಾಲ ಕೊಡಾ. ಬೆನ್ನ ತಿರುವಿ ನಿಂತ ಒಬ್ಬ ಹೆಣ್ಣಮಗಳು, ಇಳಕಲ್ಲ ಸೀರಿ, ಕೆಂಪ ಸೆರಗು. ಅಷ್ಟ.

ಬಾವಿ ಹಂತ್ಯಾಕ ಬಂದ್ಲು. ನಾಯಿ ಸುದ್ದಾ ಸುಮ್ಮ. ಆವಾಗ…

ಕಿರ್‌ರ್… ಕಿರ್‌ರ್… ಟಕ್.

ಗಡಗಡಿ ಸಪ್ಪಳ. ಆಮ್ಯಾಲ ಹಗ್ಗ ಇಳಿಯೂ ಜರ್‌ಜರ್. ಆಮ್ಯಾಲ ತಳದಾಗ, ನೀರಿಗೆ ಕೊಡಾ ಬಡದಂಗ… ದುಬುಕ್.

ಜಾಳಗಿ ಹಾಕಿದ ಬಾವ್ಯಾಗ್ರಿ!

"ಯಾರ ಮನ್ಯಾಕಿ ನೀ?" ಹಿಂದಿಂದ ಪಿಸಪಿಸ ಧ್ವನಿ.

ರಾತ್ರಿ ಯಾರರೆ ಕರದ್ರ ಮೂರ ಸಲ ಕರಿಯೂತನಾ ಓ ಅನಬಾರದು, ಇದು ಕೂಸಿಗೂ ಗೊತ್ತ. ಆದ್ರ ದಣದ ಬಂದಿದ್ಲು. ಓಣ್ಯಾಗಿನ ಮುದುಕಿ ಯಾರೋ ಅಂತ ತಿಳದ್ಲು.

"ವೀರೇಶನ ಮನ್ಯಾಕಿ."

"ನಾನೂ ಬರ್ಲೇನು?"

"ಬಾರವಾ, ಅದಕ್ಕ ಕೇಳೂದೇನೈತಿ," ಅಂದು ಹೊಳ್ಳಿ ನೋಡಿದ್ಲು.

ಯಾರೂ ಇಲ್ಲ… ಆಲದ ಬೀಳಲ ಅಳ್ಳಾಡತಿದ್ದು. ಗಾಳಿ ಮಾತ್ರ ಇರಲಿಲ್ಲ.

ಮರದಿನ ಮುಂಜಾನೆ ಅತ್ತಿ ರತ್ನಾಬಾಯಿ ಚಿತ್ರಾ ನೋಡಿ ಮಗ್ಗದಿಂದ ಎದ್ದ ಬಂದ್ಲು. "ಗ್ವಾಡಿ ಮ್ಯಾಲ ಇರವ್ರು ಒಂದೋ ದೇವ್ರು, ಇಲ್ಲಾ ನಮ್ಮ ಮನ್ಯಾಗ ಸತ್ತವ್ರು. ಇದ್ಯಾವಾಕಿನ್ನ ಹಿಡಕೊಂಡ ಬಂದಿ?" ಅಂತ ಒದರಾಕ ಹತ್ತಿದಾಕಿ ಸೆರಗ ನೋಡಿದ್ಲು ನೋಡ್ರಿ… ಬೆರಳಿಟ್ಟ ಎಣಸಾಕ ಹತ್ತಿದ್ಲು.

ಚಿತ್ರದಾಗಿನ ಸೆರಗಿನ್ಯಾಗ ಬಿಳಿ ತೆನಿ ಸಾಲ ಇತ್ತು. ಎಡಗಡಿ ಒಂದ ತೆನಿ ಇರಲಿಲ್ಲ. ಆ ತಪ್ಪ ಸ್ವತಾ ರತ್ನಾಬಾಯಿದು. ಒಮ್ಮಿ ಜ್ವರದಾಗ ನೇಯೂಮುಂದ ಎಣಿಕಿ ತಪ್ಪಿ, ಸಾವಕಾರ ಆ ಸೀರಿ ವಾಪಸ ಒಗದಿದ್ದ. ಮಾರಾಕ ಬರದ ಸೀರಿ ಅಂತ ಮನಿ ಸೊಸಿಗೆ ಉಡಿಸಿದ್ಲು. ಅನುರಾಧಾಗಲ್ಲ… ಲಲಿತಾಗ. ಲಲಿತಾ ಅಂದ್ರ ವೀರೇಶನ ಮೊದಲನೇ ಹೆಂಡ್ತಿ.

ಅಕಿ ಜಡ್ಡಾಗಿ ಸತ್ಲು ಅಂತ ಹೇಳಿ ಅನುರಾಧಾನ್ನ ಮಾಡ್ಕೊಂಡ ಬಂದಿದ್ರು. ಅವತ್ತ ರತ್ನಾಬಾಯಿ ಬಾಯಿಂದಽ ಖರೇ ಹೊರಗ ಬಿತ್ತು. ನಳಾ ಬರದ ಒಂದ ರಾತ್ರಿ ರತ್ನಾಬಾಯಿನಽ ಲಲಿತಾನ್ನ ಬಾವಿಗೆ ಕಳಿಸಿದ್ಲು. ಕಾಲ ಜಾರಿ ಬಾವ್ಯಾಗ ಬಿದ್ಲು. ಮೈಮ್ಯಾಲ ಅದಽ ಸೀರಿ. ಆಮ್ಯಾಲ ಬಾವಿಗೆ ಜಾಳಗಿ ಬಿತ್ತು. ಮನ್ಯಾಗ ಕಾಡ್ತಾಳಂತ ಅಂಜಿ ಅಕಿ ಫೋಟೋ ಸುಟ್ರು, ಹೆಸರ ಎತ್ತೂದ ಬಿಟ್ರು.

"ಇದನ್ನೂ ಸುಡು," ಅಂದ್ಲು ರತ್ನಾಬಾಯಿ.

"ಸುಡೂದಿಲ್ಲ. ನನ್ನ ಕೂಲಿಲೆ ತಂದೇನಿ. ಒಮ್ಮಿ ಸುಟ್ರೆಲ್ಲಾ ಅತ್ತಿ, ಹೋದ್ಲೇನು ಅಕಿ?"

ಅಬಾಬಾ! ಆ ಮನ್ಯಾಗ ಸೊಸಿ ಧ್ವನಿ ಅಷ್ಟ ಎತ್ತರಕ್ಕ ಏರಿದ್ದ ನಾ ಅವತ್ತಽ ಮೊದಲ ಕೇಳಿದ್ದು. ಕಿವಿ ಗ್ವಾಡಿಗೇ ಇತ್ತ ಬಿಡ್ರಿ, ನಾಚಿಕಿ ಯಾಕ.

ಅನುರಾಧಾ ಚಿತ್ರದ ಹಿಂದ ಬರದಿದ್ದ ನಂಬರ ನೋಡಿ ಸಪ್ನಾಗ ಫೋನ ಹಚ್ಚಿ, ಇಕಿನ್ನ ಎಲ್ಲಿ ನೋಡಿದ್ದಿ ಅಂತ ಕೇಳಿದ್ಲು. "ನಾ ಇಳಕಲ್ಲ ಇನ್ನೂ ನೋಡೇ ಇಲ್ರಿ ಅಕ್ಕಾರ. ಕಣ್ಣ ಮುಂದ ಬಂತು, ತಗದ್ನಿ," ಅಂದ್ಲು ಆ ಹುಡುಗಿ.

ಅವತ್ತ ರಾತ್ರಿ ಅಮಾಸಿ. ವೀರೇಶ ಸೀರಿ ಗಂಟ ತಗೊಂಡ ಬೆಳಗಾವಿಗೆ ಹೋಗಿದ್ದ. ಮನ್ಯಾಗ ಅತ್ತಿ ಸೊಸಿ ಇಬ್ಬರಽ. ಮಧ್ಯರಾತ್ರಿ…

ಕಿರ್‌ರ್… ಕಿರ್‌ರ್… ಟಕ್.

ಬಾವ್ಯಾಗಲ್ಲ. ಬಾಗಲದಾಗ.

"ಬಾ ಅಂದಿದ್ದೆಲ್ಲವಾ…" ಅದಽ ಪಿಸುಮಾತು.

"ತಗೀಬ್ಯಾಡ," ರತ್ನಾಬಾಯಿ ಅಕಿ ರಟ್ಟಿ ಹಿಡಕೊಂಡ್ಲು. "ನಿನ್ನ ಕಾಲ ಬೀಳ್ತೇನಿ, ತಗೀಬ್ಯಾಡ."

ಅನುರಾಧಾಗೂ ಅಂಜಿಕಿ ಇತ್ತು, ಸುಳ್ಳ ಯಾಕ ಹೇಳ್ಲಿ. ಆದ್ರ ಅಂಜಿಕಿಗಿಂತ ಸಿಟ್ಟ ದೊಡ್ಡದಾತು. ನಾಳೆ ನಾ ಸತ್ರೂ ಇವರು ನನ್ನ ಹಿಂಗಽ ಸುಟ್ಟ ಕೈ ತೊಳಕೋತಾರ… ಅದೊಂದ ವಿಚಾರ ತಲಿ ಹೊಕ್ಕಿತು. ಹೋಗಿ ಅಗಳಿ ತಗದ್ಲು. ಕಟಕ್.

ಹೊಸ್ತಲ ಆಚೆ ಕತ್ತಲ. ತೋಯ್ದ ಹಗ್ಗದ ವಾಸನಿ. ಬ್ಯಾರೆ ಏನೂ ಇಲ್ಲ.

"ಕೇಳ ಲಲಿತಾ," ಅಂದ್ಲು. ಆರ ವರ್ಷದಾಗ ಆ ಮನ್ಯಾಗ ಅಕಿನ್ನ ಹೆಸರ ಹಿಡದ ಕರದದ್ದ ಅದಽ ಮೊದಲು. "ಬಾ ಅಂದಾಕಿ ನಾನಽ. ಮಾತಿಗೆ ತಪ್ಪಾಕಿ ಅಲ್ಲ. ಆದ್ರ ಕದ್ದ ಬರಬ್ಯಾಡ, ಅಂಜಸಬ್ಯಾಡ. ನಾ ಅಂಜೂದಿಲ್ಲ. ಮುಂಚಿಬಾಗಲದಿಂದ ಬಾ, ನಿನ್ನ ಜಾಗಾಕ್ಕ ಹೋಗಿ ಕುಂಡ್ರು."

ಬಾಗಲಾ ತೆರದಽ ಬಿಟ್ಟು ಹೋಗಿ ಸುತ್ತಿಗಿ ತಗೊಂಡ್ಲು. ದೇವರ ಪಟಾ, ಮಾವನ ಫೋಟೋ, ಅದರ ಬಾಜೂಕ ಮೊಳಿ ಇಟ್ಲು. ಠಣ್… ಠಣ್… ಠಣ್. ಇತ್ಲಾಗ ನಾ ಎದ್ದ ಕುಂತು, "ಯಾವಾಕಿ ಇಷ್ಟೊತ್ತಿನ್ಯಾಗ ಮೊಳಿ ಬಡೀತಾಳ" ಅಂತ ಬೈದೇನಿ, ದೇವರಾಣಿ.

ಚಿತ್ರಾ ತೂಗ ಹಾಕಿ, ಕುಂಕಮದ ಬಟ್ಟಲಾ ಅತ್ತಿ ಮುಂದ ಹಿಡದ್ಲು. "ಮುತ್ತೈದಿಯಾಗಿ ಹೋದಾಕಿ. ಅಮಾಸಿಗೆ ಮನಿ ಹಿರೇರಿಗೆಲ್ಲಾ ಹಚ್ತೀರಿ. ಇಕಿಗೂ ಹಚ್ರಿ."

ರತ್ನಾಬಾಯಿ ಬಟ್ಟಲಾ ಇಸಕೊಂಡ್ಲಂತ. ಆಮ್ಯಾಲ ಬೆರಳ ಅದ್ದಿ ಗಾಜಿನ ಮ್ಯಾಲ ಒಂದ ಬಟ್ಟ ಇಟ್ಲು. "ತಪ್ಪಾತವಾ ಲಲಿತಾ," ಅಂತ ಗಳಗಳ ಅತ್ಲು. ಆ ಅಳು ಮಾತ್ರ ನನ್ನ ಕಿವಿಗೆ ಚೊಲೋತ್ನಂಗ ಕೇಳಿತು. ಗಡಗಡಿ ಸಪ್ಪಳ ಆಮ್ಯಾಲ ಯಾರಿಗೂ ಕೇಳಿಲ್ಲ.

ಮುಂಜಾನೆ ಮೊಳಿ ಜಗಳಾ ತಗಿಯಾಕಂತ ನಾನಽ ಹೋದ್ನಿ. ಅನುರಾಧಾ ಒದ್ದಿ ಅರಬಿ ಹಿಡದು ಚಿತ್ರದ ಗಾಜ ಒರಸಾಕತ್ತಿದ್ಲು. ಮಾವನ ಫೋಟೋದ ಮ್ಯಾಲಿನ ಕುಂಕಮ ಒರಸಿದ್ರ ಹೋಗಿತ್ತು, ಇದರದ್ದ ಹೋಗವಲ್ದು. ನನ್ನ ಸೆರಗಲೆ ನಾನೂ ತಿಕ್ಕಿದ್ನಿ. ಸೆರಗ ಕೆಂಪ ಆಗಲಿಲ್ಲ. ಹಿಂದಿನ ಕಾಗದ ಸಪ್ನಾ ಅಂಟಿಸಿದ್ದು ಹಂಗಽ ಇತ್ತು, ಒಂದ ಎಳಿ ಕಿತ್ತಿರಲಿಲ್ಲ.

ಕುಂಕಮ ಗಾಜಿನ ಒಳಗ ಐತ್ರಿ. ಇವತ್ತಿಗೂ ಐತಿ. ಸುಳ್ಳ ಅನ್ನವ್ರು ನಾಳೆ ಬರ್ರಿ, ಒದ್ದಿ ಅರಬಿ ನಾನಽ ಕೊಡ್ತೇನಿ.